ಉಪ್ಪಿನ ಕೋಟೆಯ ಕೊನೆಯ ಪುಟ

‘ಉಪ್ಪಿನ ಕೋಟೆ’ ಟೀವಿಯಲ್ಲಿ ಧಾರಾವಾಹಿಯಾಗಿ ಬರಲಿದೆ ಎಂದು ನಾನು ಮೊದಲು ಓದಿದ್ದು ಮಿರ್ಚಿ ಭಜಿ ಕಟ್ಟಿಕೊಟ್ಟಿದ್ದ ಪತ್ರಿಕೆಯ ತುಂಡಿನಲ್ಲಿ. ಎಣ್ಣೆ ಹೀರಿದ ಕಾಗದದಲ್ಲಿ ಎರಡೂ ಬದಿಯ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಆದರೂ ಕಾದಂಬರಿಯ ಹೆಸರು ಗುರುತು ಸಿಕ್ಕಿತು. ಬೆಳಕಿಗೆ ಹಿಡಿದು ಉಳಿದದ್ದನ್ನೂ ಬಿಡಿಸಿಕೊಂಡೆ. ಐದೂ ಭಾಗಗಳನ್ನು ತೆಗೆಯುತ್ತಾರಂತೆ, ಪ್ರತಿ ಭಾನುವಾರ ಬೆಳಿಗ್ಗೆ ಬರುತ್ತದಂತೆ, ಕೋಟೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರಂತೆ.

ಆಗ ನಾನು ಸಿಂದಗಿಯಲ್ಲಿ ಒಂದು ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದೆ. ಎದುರಿನ ಮಾಳಿಗೆಯಲ್ಲಿ ಕಂಪ್ಯೂಟರ್ ತರಗತಿ ಶುರುವಾದ ಮೇಲೆ ನಮ್ಮ ಯಂತ್ರಗಳ ಸದ್ದು ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಕಾಗದವನ್ನು ಒರೆಸಿ, ಮಡಚಿ, ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ. ಹೆಂಡತಿಗೆ ಓದಿ ಹೇಳಿದೆ. ಮದುವೆಯಾದ ಹೊಸತರಲ್ಲಿ ಅವಳಿಗೆ ಆ ಕಾದಂಬರಿಯ ಮೊದಲ ನಾಲ್ಕು ಭಾಗಗಳನ್ನು ಓದಿಸಿದವನು ನಾನೇ. ಐದನೆಯದು ನನ್ನ ಹತ್ತಿರ ಇರಲಿಲ್ಲ. ಕತೆ ಹೇಗೆ ಮುಗಿಯುತ್ತದೆ ಎಂದು ಅವಳು ಕೇಳಿದಾಗಲೆಲ್ಲ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದೆ.

“ಚಲೋ ಆತಲ್ರಿ. ಕಡೀಕ ಏನಾಕ್ಕೈತಿ ಅಂತ ನನಗೂ ತಿಳೀತೈತಿ,” ಎಂದಳು.

“ಏನ್ ಚಲೋ? ಕೆಡಸ್ತಾರ, ನೋಡ್ತಿರು.”

ಹಾಗೆ ಹೇಳಲು ನನಗೆ ಕಾರಣಗಳಿದ್ದವು. ಅಂಥ ಧಾರಾವಾಹಿಗಳನ್ನು ನಾನು ಸಾಕಷ್ಟು ನೋಡಿದ್ದೆ. ತಗಡಿನ ಕಿರೀಟ, ಕಾಲ ಬುಡದಲ್ಲಿ ಹೊಗೆ, ಬಾಣಕ್ಕೆ ಬಾಣ ಬಡಿದರೆ ಕಿಡಿ. ಮಾಂತ್ರಿಕನೆಂದರೆ ಉದ್ದ ಗಡ್ಡ ಬಿಟ್ಟುಕೊಂಡು ನಿಮಿಷಕ್ಕೊಮ್ಮೆ ಗಹಗಹಿಸಿ ನಗುವವನು. ‘ಉಪ್ಪಿನ ಕೋಟೆ’ಯ ಮಾಂತ್ರಿಕ ಎಲ್ಲಿಯೂ ನಗುವುದಿಲ್ಲ. ಅವನು ಮೆಲ್ಲಗೆ ಮಾತಾಡುವ, ಎಲ್ಲರಿಗೂ ಊಟ ಹಾಕುವ ಮನುಷ್ಯ. ಅವನು ಹೆದರಿಕೆ ಹುಟ್ಟಿಸುವುದೇ ಅದರಿಂದ.

ಓದದವರಿಗೆ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಆ ಮಾಂತ್ರಿಕ ಉಪ್ಪಿನಿಂದ ಒಂದು ಕೋಟೆ ಕಟ್ಟಿಕೊಂಡಿದ್ದಾನೆ. ಮಳೆ ಬಂದರೆ ಕರಗಿ ಹೋಗುತ್ತದೆಂದು ಆ ಸೀಮೆಯ ಮೋಡಗಳನ್ನೆಲ್ಲ ಹಗ್ಗದಿಂದ ಬಿಗಿದು ಕೋಟೆಯ ಕಂಬಕ್ಕೆ ಕಟ್ಟಿದ್ದಾನೆ. ಕಂಬಳಿ ನೇಯುವ ಒಬ್ಬ ಹುಡುಗಿ ಆ ಗಂಟು ಬಿಚ್ಚಲು ಹೊರಡುತ್ತಾಳೆ. ಅವಳಿಗೆ ತಂದೆತಾಯಿ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಜೊತೆಗಿರುವುದು ಮಾತಾಡುವ ಒಂದು ಒಕ್ಕಣ್ಣಿನ ಕತ್ತೆ ಮಾತ್ರ. ಸೇವಕಿಯಾಗಿ ಕೋಟೆಯೊಳಗೆ ಸೇರಿಕೊಂಡು ವರ್ಷಗಟ್ಟಲೆ ಅಲ್ಲಿಯ ಉಪ್ಪು ತಿಂದು ಬದುಕುತ್ತಾಳೆ. ಗಂಟು ಬಿಚ್ಚಿದ ದಿನ ಮಳೆ ಬರುತ್ತದೆ. ಆಮೇಲಿನದು ಐದನೆಯ ಭಾಗದ ಕೊನೆಯ ಪುಟದಲ್ಲಿದೆ.

ಅದನ್ನು ನಾನು ಓದಿದ್ದು ಒಂದೇ ಸಲ, ಕೊಲ್ಹಾರಕ್ಕೆ ಹೋಗುವ ಬಸ್ಸಿನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ.

ನಾನು ಇಂಡಿ ತಾಲೂಕಿನ ಅಗರಖೇಡದವನು. ಏಳನೆಯ ಇಯತ್ತೆ ಮುಗಿದ ಮೇಲೆ ನನ್ನನ್ನು ಕೊಲ್ಹಾರದ ಸೋದರಮಾವನ ಮನೆಯಲ್ಲಿ ಬಿಟ್ಟರು. ನಾನು ಹೇಳುತ್ತಿರುವುದು ಹಳೆಯ ಕೊಲ್ಹಾರ, ಕೃಷ್ಣೆಯ ದಂಡೆಯಲ್ಲಿದ್ದದ್ದು. ಮಾವನ ಮನೆಯ ಎದುರಿಗೆ ಬಾಡಿಗೆಗೆ ಸೈಕಲ್ ಕೊಡುವ ಒಂದು ಅಂಗಡಿ ಇತ್ತು. ಆ ಅಂಗಡಿಯವರ ಮಗ ನನ್ನ ತರಗತಿಯವನೇ. ಮುಸಲ್ಮಾನರ ಮನೆ, ಮನೆಯೊಳಗೂ ನಮ್ಮಂತೆಯೇ ಕನ್ನಡ ಮಾತಾಡುವವರು. ಸಣ್ಣವನಿದ್ದಾಗ ಬಂದ ಜ್ವರವೊಂದು ಅವನ ಹೃದಯವನ್ನು ಕೆಡಿಸಿ ಹೋಗಿತ್ತು. ಓಡಿದರೆ ತುಟಿ ನೀಲಿಯಾಗುತ್ತಿತ್ತು. ಆದ್ದರಿಂದ ಅವನು ಆಟಕ್ಕೆ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಕುಳಿತು ಪಂಕ್ಚರ್ ತಿದ್ದುತ್ತಿದ್ದ, ನಾನು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ಗೆಳೆತನ ನಡೆದದ್ದು ಹೀಗೆಯೇ.

‘ಉಪ್ಪಿನ ಕೋಟೆ’ಯ ಮೊದಲ ಭಾಗ ಸಂತೆಯ ರದ್ದಿಯಲ್ಲಿ ಸಿಕ್ಕಿತ್ತು. ಎರಡನೆಯದು ಮಾವನ ಪರಿಚಯದವರೊಬ್ಬರ ಮನೆಯಲ್ಲಿತ್ತು. ಮೂರು ಮತ್ತು ನಾಲ್ಕನ್ನು ಮುದ್ದೇಬಿಹಾಳದಿಂದ ತಂದೆ. ಅತ್ತೆಯ ತವರುಮನೆಗೆ ಹೋದಾಗ ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಹಳೆಯ ಪುಸ್ತಕ ಮಾರುವವನೊಬ್ಬ ಕೊಟ್ಟ. ಐದನೆಯದು ಎಲ್ಲಿಯೂ ಸಿಗಲಿಲ್ಲ. ಬಸವನಬಾಗೇವಾಡಿಯ ಗ್ರಂಥಾಲಯದಲ್ಲಿ ಅದರ ಕಾರ್ಡು ಇತ್ತು, ಪುಸ್ತಕ ಇರಲಿಲ್ಲ. ಎರಡು ವರ್ಷ ನಾವು ಕೊನೆಯನ್ನು ಊಹಿಸುತ್ತಲೇ ಕಳೆದೆವು.

ಅವನಿಗೆ ಆ ಕತ್ತೆಯ ಮೇಲೆ ಬಹಳ ಪ್ರೀತಿ. ಕತ್ತೆಯ ಮಾತು ಬಂದಲ್ಲಿ ನಾನು ನಿಲ್ಲಿಸಬೇಕು, ಅವನು ಹೇಳಬೇಕು. ಪುಸ್ತಕ ನೋಡದೆಯೇ ಹೇಳುತ್ತಿದ್ದ. ಎದೆಯಲ್ಲಿ ಉಸಿರು ಸಾಲದಿದ್ದುದರಿಂದ ಮಾತಿಗೆ ಮೊದಲು ಒಂದು ಕ್ಷಣ ತಡೆಯುತ್ತಿದ್ದ. ಆ ತಡೆಯುವಿಕೆಯೇ ಕತ್ತೆಗೆ ಒಂದು ಗತ್ತು ತಂದುಕೊಡುತ್ತಿತ್ತು. ಮಾಂತ್ರಿಕನ ಸೈನಿಕರನ್ನು ಅದು ಬೈಯುವಾಗ ಅಂಗಡಿಯ ಮುಂದೆ ನಿಂತ ಗಿರಾಕಿಗಳೂ ನಗುತ್ತಿದ್ದರು.

ನಾವು ಕಾಲೇಜು ಸೇರುವ ಹೊತ್ತಿಗೆ ಅವನು ಅಂಗಡಿಗೆ ಬರುವುದೂ ನಿಂತಿತು. ವಿಜಾಪುರದ ಡಾಕ್ಟರು ಅವನ ತಂದೆಯನ್ನು ಹೊರಗೆ ಕರೆದು ಮಾತಾಡಿದರು. ಒಳಕೋಣೆಯಲ್ಲಿ ಹೊರಸಿನ ಮೇಲೆ ದಿಂಬುಗಳನ್ನು ಒಟ್ಟಿ ಅವನನ್ನು ಒರಗಿಸಿರುತ್ತಿದ್ದರು, ಅಂಗಾತ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪಾದಗಳು ಊದಿದ್ದವು. ಕಿಟಕಿಯಿಂದ ಹೊಳೆ ಕಾಣುತ್ತಿತ್ತು.

ರಜೆಗೆ ಅಗರಖೇಡಕ್ಕೆ ಹೋದಾಗ ಇಂಡಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಕಪಾಟಿನಲ್ಲಿ ಐದನೆಯ ಭಾಗ ಕಣ್ಣಿಗೆ ಬಿತ್ತು. ಓದಿ ತಿರುಗಿ ಕೊಡುತ್ತೇನೆಂದು ಕೈಮುಗಿದು ಕೇಳಿ ತಂದೆ. ಅದನ್ನು ಒಟ್ಟಿಗೇ ಓದಬೇಕೆಂದು ನಾವು ಮಾತಾಡಿಕೊಂಡಿದ್ದೆವು. ಬಸ್ಸಿನಲ್ಲಿ ಕುಳಿತವನಿಗೆ ತಡೆಯಲಾಗಲಿಲ್ಲ. ಕೊನೆಯ ಪುಟ ತೆಗೆದೆ.

ಮಳೆ ಬರುತ್ತದೆ. ಕೋಟೆ ಕರಗುತ್ತದೆ. ಅಷ್ಟು ದಿನ ಅಲ್ಲಿಯ ಉಪ್ಪು ತಿಂದಿದ್ದ ಹುಡುಗಿಯ ಮೈಯೂ ಕೋಟೆಯ ಜೊತೆಗೆ ಕರಗಿ ಹೋಗುತ್ತದೆ. ಕತ್ತೆ ಬೆನ್ನ ಮೇಲೆ ಖಾಲಿ ಕಂಬಳಿ ಹೊತ್ತುಕೊಂಡು ಒಂಟಿಯಾಗಿ ಊರಿಗೆ ಮರಳುತ್ತದೆ. ಆ ದಿನದಿಂದ ಅದು ಮಾತಾಡುವುದಿಲ್ಲ.

ಪುಸ್ತಕ ಮುಚ್ಚಿ ಕೊಲ್ಹಾರ ಬರುವವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ.

ನಾಲ್ಕು ದಿನ ಓದಿದೆ. ಮೂರು ದಿನ ಪುಸ್ತಕದಲ್ಲಿ ಇದ್ದದ್ದನ್ನೇ ಓದಿದೆ. ಕತ್ತೆಯ ಮಾತುಗಳನ್ನು ಹೇಳಲು ಅವನಿಗೆ ಆಗುತ್ತಿರಲಿಲ್ಲ. “ನೀನ ಓದಿಬಿಡು,” ಎನ್ನುತ್ತಿದ್ದ. ನಾಲ್ಕನೆಯ ದಿನ ಮಧ್ಯಾಹ್ನ ಕೊನೆಯ ಪುಟಕ್ಕೆ ಬಂದೆ. ಅವನ ತಾಯಿ ಹಿತ್ತಲಲ್ಲಿದ್ದರು. ನಾಲ್ಕನೆಯ ಇಯತ್ತೆ ಓದುತ್ತಿದ್ದ ಅವನ ತಂಗಿ ಹೊಸ್ತಿಲ ಮೇಲೆ ಕುಳಿತು ಪಾಟಿ ಒರೆಸುತ್ತಿದ್ದಳು. ನಾನು ಕಣ್ಣು ಪುಟದ ಮೇಲಿಟ್ಟು, ಅಲ್ಲಿ ಇಲ್ಲದ್ದನ್ನು ಓದತೊಡಗಿದೆ. ಹುಡುಗಿ ಕಂಬಳಿಯನ್ನು ತಲೆಯ ಮೇಲೆ ಹೊದ್ದುಕೊಂಡಳು. ಮಳೆಯನ್ನೆಲ್ಲ ಕಂಬಳಿ ಕುಡಿಯಿತು. ಒಂದು ಹನಿಯೂ ಅವಳ ಮೈಗೆ ತಾಗಲಿಲ್ಲ. ಕತ್ತೆಯ ಮೇಲೆ ಕುಳಿತು ಊರಿಗೆ ಹೊರಟಳು. ಮುಗಿಯಿತು ಎಂದು ಪುಸ್ತಕ ಮುಚ್ಚಿದೆ.

ಅವನು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ. ಮುಖದಲ್ಲಿ ಸಂತೋಷವಿತ್ತು. ಸ್ವಲ್ಪ ಹೊತ್ತಿನ ಮೇಲೆ, “ಭಾಳ ಚಲೋ ಬರದಾನ. ಕಡೀ ಪುಟ ಇನ್ನೊಮ್ಮೆ ಓದು,” ಎಂದ.

ಇದನ್ನು ನಾನು ಯೋಚಿಸಿರಲಿಲ್ಲ. ಮತ್ತೆ ಪುಟ ತೆಗೆದೆ. ಮೊದಲು ಏನೇನು ಹೇಳಿದ್ದೆನೋ ಆ ಮಾತುಗಳು ನೆನಪಿಗೆ ಬರಲಿಲ್ಲ. ಮಳೆ ಮೊದಲು ಬಂತೋ, ಕಂಬಳಿ ಮೊದಲು ಹೊದ್ದಳೋ? ತಡವರಿಸುತ್ತ ಬೇರೆಯೇ ಮಾತುಗಳಲ್ಲಿ ಹೇಳಿ ಮುಗಿಸಿದೆ. ತಲೆ ಎತ್ತಿ ನೋಡಿದರೆ ಅವನು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ.

“ಪುಸ್ತಕ ಇಲ್ಲೇ ಇರಲಿ,” ಎಂದ.

ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ದಿಂಬಿನ ಪಕ್ಕ ಇಟ್ಟು ಬಂದೆ. ಆಮೇಲೆ ಅವನು ಬದುಕಿದ್ದು ಎಂಟು ದಿನ. ದಿನಾಲು ಹೋಗುತ್ತಿದ್ದೆ. ಪತ್ರಿಕೆ ಓದಿ ಹೇಳುತ್ತಿದ್ದೆ. ಕಾದಂಬರಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಣ್ಣಿಗೆ ಹೋಗಿ ಬಂದ ದಿನ ಅವನ ತಾಯಿಯ ಮುಂದೆ ಕುಳಿತಾಗಲೂ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಅವನಿಗೆ ತಿಳಿಯಿತೋ, ಇಲ್ಲವೋ? ಪುಸ್ತಕವನ್ನು ತಿರುಗಿ ಕೇಳುವ ಧೈರ್ಯ ಬರಲಿಲ್ಲ. ಇಂಡಿಯ ಮಾಸ್ತರರಿಗೆ ಬಸ್ಸಿನಲ್ಲಿ ಕಳೆಯಿತೆಂದು ಹೇಳಿದೆ.

ಇದಾಗಿ ಹತ್ತು ವರ್ಷಗಳ ಮೇಲೆ ಭಜಿಯ ಕಾಗದದಲ್ಲಿ ಆ ಹೆಸರು ಮತ್ತೆ ಎದುರಾದದ್ದು.

ಕೆಡಿಸುತ್ತಾರೆ ಎಂದು ಹೇಳುತ್ತಲೇ ನಾನು ಆ ಚಾನೆಲ್ಲಿಗೆ ಒಂದು ಪತ್ರ ಟೈಪು ಮಾಡಿದೆ. ಮೂರು ಪುಟವಾಯಿತು. ಮಾಂತ್ರಿಕನಿಗೆ ಗಡ್ಡ ಇರಬಾರದು, ಅವನು ನಗಬಾರದು. ಕಂಬಳಿ ಅಂಗಡಿಯಲ್ಲಿ ತಂದದ್ದಾಗಿರಬಾರದು, ಕುರಿಯ ಉಣ್ಣೆಯದೇ ಆಗಿರಬೇಕು. ಕತ್ತೆಯನ್ನು ನಗಿಸುವುದಕ್ಕೆ ಬಳಸಬೇಡಿ, ಅದಕ್ಕೆ ತೀರ ದೊಡ್ಡ ದನಿ ಕೊಡಿಸಬೇಡಿ. ಹೆಂಡತಿ ಪತ್ರವನ್ನು ಓದಿ ನನ್ನ ಮುಖ ನೋಡಿದಳು.

“ನೋಡೂದ ಇಲ್ಲ ಅಂದ್ರಿ?”

“ನೋಡೂದಿಲ್ಲ. ಆದ್ರ ಹೇಳೂದು ನಮ್ಮ ಕರ್ತವ್ಯ.”

ಉತ್ತರ ಬರಲಿಲ್ಲ. ಒಂದು ತಿಂಗಳ ಮೇಲೆ ಪತ್ರಿಕೆಯಲ್ಲಿ ಮೊದಲ ಚಿತ್ರ ಬಂತು. ಹುಡುಗಿ ಮಗ್ಗದ ಮುಂದೆ ಕುಳಿತಿದ್ದಳು. ಹೊಳೆಯುವ ರೇಷ್ಮೆ ಉಡಿಸಿರುತ್ತಾರೆ ಎಂದುಕೊಂಡು ತಪ್ಪು ಹುಡುಕಲು ಸಿದ್ಧನಾಗಿಯೇ ನೋಡಿದೆ. ಸಾದಾ ಸೀರೆ, ಕೈಬೆರಳುಗಳಲ್ಲಿ ಉಣ್ಣೆಯ ಎಳೆ. ಕಂಬಳಿಯ ಅಂಚಿನಲ್ಲಿ ಕಪ್ಪಿನ ನಡುವೆ ಒಂದು ಬಿಳಿ ಪಟ್ಟಿ ಇತ್ತು. ಕಾದಂಬರಿಯಲ್ಲಿ ಆ ಬಿಳಿ ಪಟ್ಟಿಯ ಮಾತು ಎರಡನೆಯ ಭಾಗದಲ್ಲಿ ಒಂದೇ ಒಂದು ಸಾಲಿನಲ್ಲಿ ಬರುತ್ತದೆ. ಯಾರೋ ಕೂತು ಓದಿದ್ದಾರೆ ಎಂದು ಅನ್ನಿಸಿತು. ಚಿತ್ರ ಕತ್ತರಿಸಿ ಇಟ್ಟುಕೊಂಡೆ.

ಆಮೇಲೆ ಜಾಹೀರಾತು ಬರತೊಡಗಿತು. ಬಿಳಿಯ ಕೋಟೆ, ಮೇಲೆ ಕಟ್ಟಿ ನಿಲ್ಲಿಸಿದ ಮೋಡಗಳು, ಯಾವ ಹಾಡೂ ಇಲ್ಲ, ಗಾಳಿಯ ಸದ್ದು ಮಾತ್ರ. ಮಾಂತ್ರಿಕ ಒಬ್ಬ ಸೇವಕನ ತಾಟಿಗೆ ರೊಟ್ಟಿ ಹಾಕಿ, “ಉಣ್ಣು,” ಎನ್ನುತ್ತಿದ್ದ. ಅವನಿಗೆ ಗಡ್ಡವಿರಲಿಲ್ಲ. ನನ್ನ ಪತ್ರ ತಲುಪಿಯೇ ಇದೆ ಎಂದು ಹೆಂಡತಿಯ ಮುಂದೆ ಹೇಳಿದೆ. ಆ ಹೊತ್ತಿಗೆ ಅವರು ಅರ್ಧ ಧಾರಾವಾಹಿ ತೆಗೆದು ಮುಗಿಸಿರುತ್ತಾರೆಂದು ನನಗೂ ಗೊತ್ತಿತ್ತು. ಕೇಬಲ್ಲಿನವನ ಬೆನ್ನು ಹತ್ತಿ ಮಸುಕಾಗಿ ಬರುತ್ತಿದ್ದ ಆ ಚಾನೆಲ್ ಸರಿಮಾಡಿಸಿಕೊಂಡೆ. ಟೈಪಿಂಗ್ ಕಲಿಯಲು ಬರುವವರಿಗೆ ಅಭ್ಯಾಸದ ವಾಕ್ಯಗಳ ಬದಲು ಕೋಟೆಯ ವರ್ಣನೆಯನ್ನು ಕೊಟ್ಟು ಟೈಪು ಮಾಡಿಸಿದೆ. ಮೊದಲ ಕಂತಿನ ಹಿಂದಿನ ದಿನ ನನಗೆ ಊಟ ಸೇರಲಿಲ್ಲ. ಮೂವತ್ತರ ಹತ್ತಿರ ಬಂದವನು, ಪರೀಕ್ಷೆಗೆ ಹೋಗುವವನಂತೆ ಮನೆಯೊಳಗೆ ಓಡಾಡುತ್ತಿದ್ದೆ.

ಭಾನುವಾರ ಹತ್ತಕ್ಕೆ ಟೀವಿಯ ಮುಂದೆ ಚಾಪೆ ಹಾಸಿ ಕುಳಿತೆವು. ಅದು ಕೆಟ್ಟಿರಲಿಲ್ಲ. ನಾನು ಓದುವಾಗ ಕಂಡ ಕೋಟೆ ಅದಲ್ಲ, ಆದರೂ ಅದೊಂದು ಕೋಟೆಯೇ ಆಗಿತ್ತು. ಕೊನೆಯಲ್ಲಿ ಗುಡ್ಡದ ಇಳಿಜಾರಿನಲ್ಲಿ ಒಕ್ಕಣ್ಣಿನ ಕತ್ತೆ ಬಂದು ನಿಂತಿತು. ಹುಡುಗಿ, “ನೀನು ಯಾರು?” ಎಂದು ಕೇಳಿದಳು. ಕತ್ತೆ ತಕ್ಷಣ ಮಾತಾಡಲಿಲ್ಲ. ಒಂದು ಕ್ಷಣ ತಡೆಯಿತು. ಉಸಿರು ಎಳೆದುಕೊಂಡ ಸದ್ದು ಕೇಳಿಸಿತು.

ದನಿ ಯಾರದೋ ಬೇರೆಯವರದು. ಆದರೆ ಆ ತಡೆಯುವಿಕೆ ಅವನದು. ನನ್ನ ಎಡಗಡೆಯಿಂದ ಕೇಳಿದಂತಾಯಿತು. ಅಂಗಡಿಯಲ್ಲಿ ಅವನು ಯಾವಾಗಲೂ ಕೂತಿರುತ್ತಿದ್ದ ಬದಿ ಅದು. ತಿರುಗಿ ನೋಡಿದೆ. ಚಾಪೆಯ ಆ ತುದಿ ಖಾಲಿಯಿತ್ತು.

ಆಮೇಲೆ ಪ್ರತಿ ಭಾನುವಾರ ಹೀಗೇ ಆಯಿತು. ಧಾರಾವಾಹಿ ನೋಡುತ್ತ ನೋಡುತ್ತ ಅವನ ಟೀಕೆಗಳು ನನ್ನ ಕಿವಿಯಲ್ಲಿ ನಡೆಯುತ್ತಿದ್ದವು. ಇದನ್ನ ಬಿಟ್ಟಾರ ನೋಡು. ಇದು ಚಲೋ ಐತಿ. ನಮ್ಮ ಒಕ್ಕಣ್ಣಿನ ಕತ್ತಿ ಆ ಸೈನಿಕನ್ನ ಇನ್ನೂ ಬೈಬೇಕಿತ್ತು. ಅವು ನೆನಪಿನ ಮಾತುಗಳಲ್ಲ. ಅವನು ಬದುಕಿದ್ದಾಗ ಆ ದೃಶ್ಯಗಳೇ ಇರಲಿಲ್ಲವಲ್ಲ. ನಾನೇ ಹುಟ್ಟಿಸಿಕೊಳ್ಳುತ್ತಿದ್ದೇನೆ ಎಂದು ತಿಳಿದಿದ್ದರೂ, ಪ್ರತಿ ಸಲವೂ ಎಡಗಡೆಗೆ ತಿರುಗಿ ನೋಡುತ್ತಿದ್ದೆ. ಒಂದು ಭಾನುವಾರ ಹೆಂಡತಿ, “ವಾರಾ ವಾರಾ ಆ ಬಾಜೂ ಜಾಗಾ ಬಿಟ್ಟು ಕುಂದರ್ತೀರಲ್ಲ, ಯಾರ್ ಬರೋರದಾರ್ರಿ ಅಲ್ಲಿ?” ಎಂದು ಕೇಳಿದಳು. ಗೆಳೆಯನ ವಿಷಯ ಹೇಳಿದೆ. ಕೊನೆಯ ಪುಟದ ವಿಷಯ ಹೇಳಲಿಲ್ಲ.

ಐದನೆಯ ಭಾಗ ಶುರುವಾದ ಮೇಲೆ ನನ್ನ ಉತ್ಸಾಹದೊಳಗೆ ಹೆದರಿಕೆ ಸೇರಿಕೊಂಡಿತು. ಇಷ್ಟು ನಿಷ್ಠೆಯಿಂದ ತೆಗೆದವರು ಕೊನೆಯನ್ನೂ ಇದ್ದಂತೆಯೇ ತೆಗೆಯುತ್ತಾರೆ. ಅವರು ಕೆಡಿಸಲಿ ಎಂದು ನಾನು ಆಗ ಮೊದಲ ಸಲ ಮನಸ್ಸಿನಲ್ಲೇ ಬೇಡಿಕೊಂಡೆ.

ಆ ವಾರವೇ ಟೈಪಿಂಗ್ ಶಾಲೆಗೆ ಒಂದು ಫೋನು ಬಂತು. ಹೆಣ್ಣು ದನಿ, ಗುರುತು ಹತ್ತಲಿಲ್ಲ.

“ಅಣ್ಣಾ, ನಾ ಕೊಲ್ಹಾರದಿಂದ.” ಗೆಳೆಯನ ತಂಗಿ. ಮಾವನ ಮನೆಯಿಂದ ನಂಬರ್ ಇಸಿದುಕೊಂಡಿದ್ದಳು. “ಟೀವಿಯಾಗ ನಿಮ್ಮ ಕತಿ ಬರಾಕತ್ತೈತಲ್ಲ, ಅಮ್ಮಾ ಒಂದು ವಾರಾನೂ ಬಿಟ್ಟಿಲ್ಲ. ಕಡೀ ದಿನ ನೀ ಬರಬೇಕಂತ. ನಿನ್ನ ಜೋಡಿ ಕುಂತು ನೋಡಬೇಕಂತಾಳ.”

“ಬರ್ತೇನಿ,” ಎಂದೆ. ಬೇರೆ ಏನು ಹೇಳಲಿ?

ಶನಿವಾರ ಬಾಗೇವಾಡಿಯ ಮೇಲೆ ಹಾಯ್ದು ಕೊಲ್ಹಾರಕ್ಕೆ ಹೋದೆ. ಆ ಹೊತ್ತಿಗೆ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಮಾವನವರೂ ಸೈಕಲ್ ಅಂಗಡಿಯವರೂ ಮೇಲಿನ ಹೊಸ ಊರಿಗೆ ಬಂದು ನೆಲೆಯಾಗಿದ್ದರು. ಗೆಳೆಯನ ತಂದೆ ತೀರಿಕೊಂಡಿದ್ದರು. ತಂಗಿಯ ಗಂಡ ಅದೇ ಮನೆಯಲ್ಲಿದ್ದು ಅಂಗಡಿ ನಡೆಸುತ್ತಿದ್ದ. ಮಾವನ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಎದ್ದು ನೀರಿನ ಕಡೆಗೆ ನಡೆದೆ. ಬೇಸಿಗೆಯಾದ್ದರಿಂದ ನೀರು ಹಿಂದೆ ಸರಿದಿತ್ತು. ಕೆಲವು ಗೋಡೆಗಳ ತಲೆಗಳು ಕೆಸರು ಹತ್ತಿ ಮೇಲೆ ಎದ್ದಿದ್ದವು. ನಮ್ಮ ಓಣಿ ಯಾವ ದಿಕ್ಕಿಗಿತ್ತೆಂದು ಅಂದಾಜು ಮಾಡುತ್ತ ನಿಂತೆ. ಅವನು ಒರಗಿಕೊಂಡು ಹೊಳೆ ನೋಡುತ್ತಿದ್ದ ಕೋಣೆ ಈಗ ಹೊಳೆಯ ತಳದಲ್ಲಿ ಎಲ್ಲೋ ಇತ್ತು.

ತಂಗಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ನನ್ನನ್ನು ಹುಡುಕುತ್ತ ಅಲ್ಲಿಗೇ ಬಂದಳು. ಮನೆಯೊಳಗೆ ಕಾಲಿಡುವ ಮೊದಲೇ ಹೇಳಿಬಿಡಬೇಕೆಂದು ನಿರ್ಧರಿಸಿದ್ದೆ.

“ನಿನಗೊಂದು ಹೇಳಬೇಕು. ಆವತ್ತು ನಿಮ್ಮ ಅಣ್ಣಗ ನಾ ಓದಿದ ಕಡೀ ಪುಟ...”

“ಪುಸ್ತಕದಾಗ ಇರಲಿಲ್ಲ,” ಎಂದಳು. “ಗೊತ್ತೈತಿ.”

“ನಿನಗ ಹೆಂಗ ಗೊತ್ತು?” ಎಂದೆ.

“ನೀ ಎದ್ದು ಹೋದ ಮ್ಯಾಲೆ ನನ್ನ ಕರದು, ಪುಸ್ತಕ ಹಿಡಿಯಾಕ ನನಗ ಆಗವಲ್ದು, ನೀ ಓದು ಅಂದ. ನನಗ ಒತ್ತಕ್ಷರ ಸರೀ ಬರ್ತಿರಲಿಲ್ಲ. ಒಂದೊಂದ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಭಾಳ ಹೊತ್ತು ಹಿಡೀತು.”

“ಏನಂದ ಅಂವ?”

“ಏನೂ ಅನಲಿಲ್ಲ. ಪೆಟಗ್ಯಾಗ ಇಡು ಅಂದ. ನಿನಗ ಹೇಳಬ್ಯಾಡ ಅಂದ, ಅಷ್ಟ.” ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. “ನನಗ ಅರ್ಥ ಆಗಿರಲಿಲ್ಲ ಅಣ್ಣಾ, ಏನ್ ಓದಾಕತ್ತೇನಿ ಅಂತ. ದೊಡ್ಡಾಕಿ ಆದ ಮ್ಯಾಲೆ ಆತು. ನಾ ಓದಬಾರದಿತ್ತು ಅನಸ್ತೈತಿ.”

“ನೀ ಸಣ್ಣಾಕಿ ಇದ್ದಿ,” ಎಂದೆ.

“ನೀನೂ ಸಣ್ಣಾಂವನ ಇದ್ದಿ.”

ಪುಸ್ತಕ ಎಲ್ಲಿ ಎಂದು ಕೇಳಿದೆ. ಊರು ಬಿಡುವ ಗದ್ದಲದಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದಳು. ಇಬ್ಬರೂ ಮನೆಯ ಕಡೆಗೆ ನಡೆದೆವು.

ಅವನ ತಾಯಿಯನ್ನು ನಾನೂ ಅಮ್ಮಾ ಎಂದೇ ಕರೆಯುತ್ತಿದ್ದೆ. ನನ್ನ ಎರಡೂ ಕೈ ಹಿಡಿದು ಟೀವಿಯ ಮುಂದೆ ಕೂಡ್ರಿಸಿಕೊಂಡರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜಾಹೀರಾತು ನಡೆದಿತ್ತು.

“ತಮ್ಮಾ, ಇವರು ಎಲ್ಲಾ ತೋರ್ಸಿದ್ರು, ಅವರವ್ವನ್ನ ಇನ್ನೂ ತೋರ್ಸಿಲ್ಲ ನೋಡು,” ಎಂದರು.

“ಯಾರವ್ವನ್ನ ಅಮ್ಮಾ?”

“ಆ ಕಂಬಳಿ ಹುಡುಗಿ ಅವ್ವನ್ನ. ಇವತ್ತರ ಬರ್ತಾಳೇನ.”

ಆ ಹುಡುಗಿಗೆ ತಾಯಿಯೇ ಇಲ್ಲ. ಮೊದಲ ಭಾಗದ ಮೊದಲ ಪುಟದಲ್ಲೇ ಅದು ಬರುತ್ತದೆ. ನಾನು ತಂಗಿಯ ಕಡೆಗೆ ನೋಡಿದೆ. ಅವಳು ಕೂಸನ್ನು ತೊಟ್ಟಿಲಿಗೆ ಹಾಕುತ್ತ ತಲೆ ತಗ್ಗಿಸಿಕೊಂಡಿದ್ದಳು.

ಕಂತು ಶುರುವಾಯಿತು. ಹೇಳಬೇಕೆಂದರೆ ಅದಕ್ಕಿಂತ ಚೆನ್ನಾಗಿ ಅದನ್ನು ತೆಗೆಯಲು ಸಾಧ್ಯವಿರಲಿಲ್ಲ. ಹುಡುಗಿ ಗಂಟು ಬಿಚ್ಚಿದಳು. ಮೋಡಗಳು ಒಂದೊಂದಾಗಿ ಹಗ್ಗದಿಂದ ಜಾರಿದವು. ಮಳೆಯಲ್ಲಿ ಕೋಟೆಯ ಗೋಡೆಗಳು ಮೆಲ್ಲಗೆ ಸವೆದು ಬಾಗಿದವು. ಅವಳು ಅಂಗಳದಲ್ಲಿ ನಿಂತು ತನ್ನ ಕೈಯನ್ನು ನೋಡಿಕೊಂಡಳು, ಬೆರಳುಗಳು ಕಾಣುತ್ತಿರಲಿಲ್ಲ. ಅಳಲಿಲ್ಲ, ಕೂಗಲಿಲ್ಲ. ಕತ್ತೆ ಖಾಲಿ ಕಂಬಳಿ ಹೊತ್ತು ಬಯಲಿನಲ್ಲಿ ಸಣ್ಣದಾಗುತ್ತ ಹೋಯಿತು. ಪಕ್ಕಕ್ಕೆ ನೋಡಲು ನನಗೆ ಧೈರ್ಯವಾಗಲಿಲ್ಲ.

“ಮುಗೀತೇನು?” ಎಂದರು ಅಮ್ಮ.

“ಮುಗೀತಮ್ಮಾ,” ಎಂದಳು ಮಗಳು.

ಅಮ್ಮ ಟೀವಿಯ ಕಡೆಗೆ ಕೈ ಮಾಡಿದರು. “ತಪ್ಪ ತಗದಾರ,” ಎಂದರು. ಸಿಟ್ಟಿನಿಂದಲ್ಲ, ರೊಟ್ಟಿ ಹೊತ್ತಿತು ಎನ್ನುವ ಹಾಗೆ. “ಪುಸ್ತಕದಾಗ ಹಿಂಗ ಇಲ್ಲ. ತಮ್ಮಾ, ನೀ ಓದೀಯಲ್ಲ, ಹೇಳು.”

ಹತ್ತು ವರ್ಷದ ಹಿಂದೆ ಅವನ ಹೊರಸಿನ ಪಕ್ಕ ಕುಳಿತಾಗ ಆದದ್ದೇ ಮತ್ತೆ ಆಯಿತು. “ಆಕಿ ಕಂಬಳಿ ಹೊತ್ಕೊಂಡ್ಲು,” ಎಂದು ಶುರುಮಾಡಿದೆ. “ಮಳಿಯೆಲ್ಲಾ ಕಂಬಳಿ ಕುಡೀತು...” ಮುಂದೆ ಬರಲಿಲ್ಲ. ಏನು ಹೇಳಿದ್ದೆನೋ ಮರೆತಿದ್ದೆ.

“ನಿನಗ ಮರತೈತಿ,” ಎಂದರು ಅಮ್ಮ. “ನಾ ಹೇಳ್ತೇನಿ, ಕೇಳು. ಆಕಿ ಕತ್ತಿ ಮ್ಯಾಲೆ ಕುಂತು ಊರಿಗೆ ಬಂದ್ಲು. ಕಂಬಳಿ ನೀರ ಕುಡದು ಭಾರ ಆಗಿತ್ತು. ಕತ್ತಿ ಹಾದಿ ತುಂಬ ಬೈಕೋತ ಬಂತು. ಮನಿ ಬಾಗಲಾ ಬಡದ್ಲು. ಅವರವ್ವ ತಗದ್ಲು. ಮಗಳ ಮೈಯೆಲ್ಲಾ ಉಪ್ಪು ಹತ್ತಿ ಬೆಳ್ಳಗಾಗಿತ್ತು, ಗುರ್ತ ಹತ್ತಲಿಲ್ಲ. ಯಾರ್ ನೀ ಅಂದ್ಲು. ಆವಾಗ ಕತ್ತಿ...”

ಅಮ್ಮ ಇಲ್ಲಿ ಒಂದು ಕ್ಷಣ ತಡೆದರು. ಉಸಿರು ಎಳೆದುಕೊಂಡರು.

“...ಕತ್ತಿ ಅಂತು, ನಿನ್ನ ಮಗಳ ಇಕಿ. ನನಗ ಒಂದ ಕಣ್ಣು, ನಿನಗ ಎರಡದಾವು. ಕಾಣಂಗಿಲ್ಲೇನು?”

ಆ ಮಾತು ನನ್ನದಲ್ಲ. ಕಾದಂಬರಿಯದೂ ಅಲ್ಲ. ಕಣ್ಣು ಮುಚ್ಚಿದರೂ ಅದು ಯಾರ ಮಾತೆಂದು ನಾನು ಹೇಳಬಲ್ಲೆ. ತಂಗಿ ಎದ್ದು ಒಳಗೆ ಹೋದಳು.

“ಆಮ್ಯಾಲೆ ಅವ್ವ ಸೆರಗಲೆ ಆಕಿ ಮುಖ ಒರಸ್ತಾಳ,” ಎಂದು ಅಮ್ಮ ಮುಂದುವರಿಸಿದರು. “ಬೆರಳಿಗೆ ಹತ್ತಿದ ಉಪ್ಪು ನಾಲಗಿ ಮ್ಯಾಲೆ ಇಟ್ಕೊಂಡು ನೋಡ್ತಾಳ. ಬಿಸಿನೀರ ಕಾಸಿ ಎರೀತಾಳ. ಊಟಕ್ಕ ಹಾಕ್ತಾಳ. ಮಗಳು ಮಲಗ್ತಾಳ, ಅವ್ವ ಬಾಜೂಕ ಕುಂತಿರ್ತಾಳ. ಅಲ್ಲೀಗೆ ಮುಗೀತದ. ನನ್ನ ಮಗಾ ದಿನಾ ಸಂಜೀಕ ಹೇಳಾಂವ. ಮೊದಲ ಇಷ್ಟ ಉದ್ದ ಇರಲಿಲ್ಲ, ಬರಬರ್ತ ಉದ್ದ ಆತು.” ನನ್ನ ಕಡೆಗೆ ತಿರುಗಿದರು. “ಪುಸ್ತಕದಾಗ ಹಿಂಗ ಐತಿ, ಹೌದಿಲ್ಲೋ?”

“ಹೌದಮ್ಮಾ. ಹಿಂಗ ಐತಿ.”

ಅವರು ತಲೆ ಅಲ್ಲಾಡಿಸಿ ಚಹಾ ಮಾಡಲು ಎದ್ದರು.

ಎಂಟು ದಿನ. ಆ ಎಂಟು ದಿನವೂ ನಾನು ಅವನ ಪಕ್ಕ ಕುಳಿತು ಪತ್ರಿಕೆ ಓದಿದ್ದೆ. ಬೆಳಿಗ್ಗೆ ನನ್ನ ಮುಂದೆ ಏನೂ ಗೊತ್ತಿಲ್ಲದವನಂತೆ ಇದ್ದು, ಸಂಜೆ ತಾಯಿಯನ್ನು ಕೂಡ್ರಿಸಿಕೊಂಡು ನನ್ನ ಸುಳ್ಳಿಗೆ ಒಂದೊಂದೇ ಸಾಲು ಸೇರಿಸುತ್ತಿದ್ದ. ಕೊನೆಯ ಪುಟದಲ್ಲಿ ಏನಿದೆ ಎಂದು ಗೊತ್ತಿದ್ದೂ ಸೇರಿಸುತ್ತಿದ್ದ. ಮರಳುವ ಬಸ್ಸಿನಲ್ಲಿ ಆ ದಿನಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಯಾವ ದಿನ ಅವನು ನನ್ನ ಕಡೆಗೆ ನೋಡಿ ನಕ್ಕಿದ್ದ, ಯಾವ ದಿನ ಗೋಡೆಯ ಕಡೆಗೆ ತಿರುಗಿಕೊಂಡಿದ್ದ. ಪ್ರತಿಯೊಂದರ ಅರ್ಥವೂ ಬದಲಾಗಿತ್ತು. ಹತ್ತು ವರ್ಷ ನನ್ನನ್ನು ಕಾಡಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಮನಸ್ಸು ಹಗುರಾಗಲಿಲ್ಲ. ಗೊತ್ತಿದ್ದರೆ ಅವನೊಡನೆ ಆ ಕೊನೆಯ ಬಗ್ಗೆ ಮಾತಾಡಬಹುದಿತ್ತು. ಅವನಿಗೆ ಹೆದರಿಕೆಯಾಗಿತ್ತೇ ಎಂದು ಕೇಳಬಹುದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಪತ್ರಿಕೆ ಓದಿ ಮುಗಿಸಿದ್ದೆವು.

ಸಿಂದಗಿಗೆ ಬಂದಾಗ ಹೆಂಡತಿಯ ಕಣ್ಣುಗಳು ಕೆಂಪಗಿದ್ದವು. ಅವಳೂ ಕೊನೆಯ ಕಂತು ನೋಡಿದ್ದಳು.

“ಪುಸ್ತಕದಾಗೂ ಹಿಂಗ ಐತೇನ್ರಿ?” ಎಂದು ಕೇಳಿದಳು.

“ಹಿಂಗ ಐತಿ,” ಎಂದೆ. ಆಮೇಲೆ ಕುಳಿತು ಅವಳಿಗೆ ಎಲ್ಲವನ್ನೂ ಹೇಳಿದೆ, ಬಸ್ಸಿನಲ್ಲಿ ಪುಟ ತೆಗೆದಲ್ಲಿಂದ.

ಆ ಧಾರಾವಾಹಿಯನ್ನು ಆಮೇಲೆ ಎರಡು ಸಲ ಮತ್ತೆ ಹಾಕಿದರು. ನಾನು ನೋಡಲಿಲ್ಲ. ಕೊಲ್ಹಾರಕ್ಕೆ ವರ್ಷಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಅಮ್ಮ ಮಣ್ಣಿನ ಗಡಿಗೆಯಲ್ಲಿ ಮೊಸರು ಕಟ್ಟಿಕೊಡುತ್ತಿದ್ದರು, ಮಗನ ಮಾತು ಆಡುತ್ತಿದ್ದರು. ಆ ಕತೆಯನ್ನು ಮಾತ್ರ ಅವರು ಮತ್ತೆ ಎತ್ತಲಿಲ್ಲ. ಕತೆಯಲ್ಲಿ ಹುಡುಗಿಗೆ ತಾಯಿಯಿದ್ದಳೇ ಎಂದು ಅವರಿಗೆ ಎಂದಾದರೂ ಅನುಮಾನ ಬಂದಿತ್ತೋ, ಬಂದೂ ಸುಮ್ಮನಿದ್ದರೋ, ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.